ಒಂಬತ್ತನೆಯ ದಿನ: ಯೆಶಿಮೆಬೆತ್ ಮನೆಯಲ್ಲಿ ಕಾಫಿ

ಬಂಡೆ ಕೊರೆದ ಇಗರ್ಜಿಗಳ ಊರಾದ ಲಾಲಿಬೆಲಾದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವವರು ನೂರಾರು ಜನ ಇದ್ದರು. ಆದರೆ ಹದಿನೈದು ದಿನದ ಪ್ರವಾಸವನ್ನು ಕೂತು ಹೆಣೆಯಬಲ್ಲವನು ಅಸ್ರೆಸ್ ಒಬ್ಬನೇ. ಯಾವ ಬೆಟ್ಟದ ಇಗರ್ಜಿಯಲ್ಲಿ ಯಾವ ಸಂತನ ಹಬ್ಬ ಯಾವತ್ತು ಬೀಳುತ್ತದೆ, ಯಾವ ಪಾದ್ರಿ ಬೆಳಿಗ್ಗೆ ಮಾತ್ರ ಬೀಗ ತೆಗೆಯುತ್ತಾನೆ, ಯಾವ ಇಳಿಜಾರಿನಲ್ಲಿ ಹೇಸರಗತ್ತೆ ಹಟ ಹಿಡಿಯುತ್ತದೆ, ಯಾರ ಮನೆಯ ಇಂಜೆರಾ ರೊಟ್ಟಿ ಪರದೇಶದವರ ಹೊಟ್ಟೆಗೆ ಒಗ್ಗುತ್ತದೆ, ಎಲ್ಲವೂ ಅವನ ತಲೆಯಲ್ಲಿತ್ತು. ಮಳೆ ಹಿಂದೆಗೆಯುವ ಮೊದಲೇ ಆಡಿಸ್ ಅಬಾಬಾದ ಪ್ರವಾಸದ ಕಂಪನಿಯಿಂದ ವೈನ್‌ಶೆತ್ ಫೋನು ಮಾಡುತ್ತಿದ್ದಳು. ಅವನು ನೋಟುಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ಬರೆದು ಕಳಿಸುತ್ತಿದ್ದ.

ಅವನು ಹೆಣೆದ ಯಾವ ಪ್ರವಾಸವೂ ವೈರಾ ಅಂಬಾದ ಕಡೆ ಸುಳಿಯುತ್ತಿರಲಿಲ್ಲ. ಅದು ಅವನು ಹುಟ್ಟಿದ ಊರು. ಅಲ್ಲಿ ಅವನ ಅಕ್ಕ ಯೆಶಿಮೆಬೆತ್ ಇದ್ದಳು. ಅಕ್ಕತಮ್ಮಂದಿರ ನಡುವೆ ಮಾತು ನಿಂತು ಹದಿನಾರು ವರ್ಷವಾಗಿತ್ತು.

ಮಾತು ನಿಂತ ಆ ವರ್ಷ ಅವನಿಗೆ ಮೊದಲ ಸಲ ಒಂದು ತಂಡ ಸಿಕ್ಕಿತ್ತು. ಆರು ಜನ ಪರದೇಶದವರು, ಹತ್ತು ದಿನದ ಬೆಟ್ಟದ ನಡಿಗೆ. ಮೂರನೆಯ ದಿನ ಊರಿನವನೊಬ್ಬ ಏದುಸಿರು ಬಿಡುತ್ತ ಹತ್ತಿ ಬಂದು, 'ನಿಮ್ಮವ್ವ ಮಲಗಿದ್ದಾಳೆ, ಬಾ' ಎಂದ. ಅವ್ವ ಹಿಂದೆ ಹಾಗೆ ಮೂರು ಸಲ ಹಾಸಿಗೆ ಹಿಡಿದು ಎದ್ದವಳು. ತಂಡವನ್ನು ನಡುಬೆಟ್ಟದಲ್ಲಿ ಬಿಟ್ಟು ಹೋದರೆ ಮತ್ತೆ ಯಾರೂ ತನ್ನನ್ನು ಕರೆಯುವುದಿಲ್ಲ ಎಂದುಕೊಂಡು ಅಸ್ರೆಸ್ ಮುಂದೆ ನಡೆದ. ಊರಿಗೆ ಬಂದಾಗ ಅವ್ವನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಅಕ್ಕ ಅವನ ಜೊತೆ ಅಳಲಿಲ್ಲ. ಹೊರಗಿನವನಿಗೆ ಹಾಕುವಂತೆ ಅಂಗಳದಲ್ಲಿ ಒಂದು ಮಣೆ ಹಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಸಲ ವೈನ್‌ಶೆತ್ ಕೇಳಿದ್ದೇ ಬೇರೆ. "ಹನ್ನೆರಡು ಜನ ಇದ್ದಾರೆ. ಇಗರ್ಜಿಗಳನ್ನ ಫೋಟೋದಲ್ಲೇ ನೋಡಿ ಮುಗಿಸಿದ್ದಾರೆ. ಅವ್ರಿಗೊಂದು ಮನೆ ಬೇಕು. ನಮಗೋಸ್ಕರ ಸಿಂಗಾರ ಮಾಡ್ಕೊಂಡು ಕೂರೋ ಮನೆ ಅಲ್ಲ, ನಿಜವಾದ ಮನೆ."

ಒಂಬತ್ತನೆಯ ದಿನದ ದಾರಿ ವೈರಾ ಅಂಬಾದ ಪಕ್ಕದಲ್ಲೇ ಹಾಯುತ್ತಿತ್ತು. ಅತಿಥಿಗಳು ಬಂದರೆ ಅಕ್ಕನ ಮನಸ್ಸು ಕರಗಬಹುದು ಎಂಬ ಆಸೆಯೂ ಅವನಿಗೆ ಇತ್ತು. ಒಂದು ವಾರ ಮುಂಚೆ ಹತ್ತಿ ಹೋದ. ಯೆಶಿಮೆಬೆತ್ ಅಂಗಳದಲ್ಲಿ ಕಾಳು ತೂರುತ್ತಿದ್ದಳು.

"ಯಾರ ಮನೆ ಬೇಕಾಗಿತ್ತು?"

"ಅಕ್ಕ, ನಾನು."

"ನೀನು ಅಂತ ಕಾಣ್ತಿದೆ. ಯಾರ ಮನೆ ಬೇಕು ಅಂತ ಕೇಳ್ದೆ."

ಅವನು ನಿಂತೇ ವಿಷಯ ಹೇಳಿದ. ಹನ್ನೆರಡು ಜನ, ಒಂದು ಹೊತ್ತು, ಕಾಫಿ.

"ಪರದೇಶದವರು ಕರೆದ್ರೆ ನಿನ್ನ ಕಾಲಿಗೆ ಈ ದಾರಿ ನೆನಪಾಗತ್ತೆ ಅನ್ನು," ಎಂದಳು. ಮೊರ ಕೆಳಗಿಟ್ಟು, "ಬರ್ಲಿ. ಕಾಫಿಗೆ ಬಂದೋರನ್ನ ಅವ್ವ ಯಾವತ್ತೂ ಹಿಂದಕ್ಕೆ ಕಳಿಸಿಲ್ಲ," ಎಂದಳು.

ತಂಡ ಬಂದ ದಿನ ಅವಳು ನೆಲಕ್ಕೆ ಹಸಿ ಹುಲ್ಲು ಹರಡಿದ್ದಳು. ಬಿಳಿ ನೆತೆಲಾ ಶಾಲು ಹೊದ್ದು ಕಾಫಿಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಿಂದ ಬಗ್ಗಿಸಿ ಕೊಟ್ಟಳು. ರೂಢಿಯ ಮೂರು ಸುತ್ತು ಕಾಫಿಯಲ್ಲಿ ಎರಡನೆಯದು ನಡೆಯುವಾಗ ತಂಡದ ಒಬ್ಬಾಕೆ, ಈ ಮನೆಯಲ್ಲಿ ಮುಂಚೆ ಯಾರಿದ್ದರು ಎಂದು ಕೇಳಿದಳು. ಅಸ್ರೆಸ್ ಅದನ್ನು ಅಕ್ಕನಿಗೆ ಹೇಳಿದ.

ಯೆಶಿಮೆಬೆತ್ ದನಿ ಏರಿಸದೆ ಹೇಳಿದಳು: "ಇದು ನಮ್ಮವ್ವನ ಮನೆ. ಒಳಗಿನ ಈ ಜಗಲಿ ಮೇಲೇ ಸತ್ಲು. ನಾಲ್ಕು ದಿನ ಬಾಗಿಲು ಹಾಕೋಕೆ ಬಿಡ್ಲಿಲ್ಲ, ಮಗ ಬರ್ತಾನೆ ಅಂತ. ಚಳಿಗಾಳಿ ಒಳಗೆ ನುಗ್ತಿತ್ತು. ನಾನು ಹೊದಿಕೆ ಒತ್ತಿ ಹಿಡ್ಕೊಂಡು ಕೂತಿದ್ದೆ. ಬಾಗಿಲು ಹಾಕಿದ್ರೆ ಇನ್ನೂ ನಾಲ್ಕು ದಿನ ಇರ್ತಿದ್ಲೋ ಏನೋ. ಆ ಮಗ ಇವನೇ. ನಿಮ್ಮಂಥೋರಿಗೆ ಬೆಟ್ಟ ತೋರಿಸ್ತಿದ್ದ. ಹೇಳು ಅವ್ರಿಗೆ."

ಹನ್ನೆರಡು ಮುಖಗಳು ಅವನತ್ತ ತಿರುಗಿದವು. ಅಸ್ರೆಸ್ ಇಂಗ್ಲಿಷಿನಲ್ಲಿ, ಇದು ತುಂಬ ಹಳೆಯ ಮನೆ, ನಮ್ಮ ತಾಯಿ ಇಲ್ಲೇ ನೆಮ್ಮದಿಯಿಂದ ಕಣ್ಣು ಮುಚ್ಚಿದಳು, ನೀವು ಬಂದದ್ದು ಅವಳ ಆತ್ಮಕ್ಕೆ ಸಂತೋಷ ತಂದಿದೆಯಂತೆ, ಎಂದ. ಹೆಚ್ಚುಕಮ್ಮಿ ಎಲ್ಲರೂ ನಸುನಕ್ಕು ಎದೆಯ ಮೇಲೆ ಕೈ ಇಟ್ಟುಕೊಂಡರು. ಅವನು ಮಾತು ತಿರುಚಿದ್ದು ಆ ನಗು ನೋಡಿಯೇ ಯೆಶಿಮೆಬೆತ್‌ಗೆ ತಿಳಿಯಿತು. ಮೂರನೆಯ ಸುತ್ತಿನಲ್ಲಿ ಅವನ ಬಟ್ಟಲಿಗೆ ಕಾಫಿ ಬೀಳಲಿಲ್ಲ.

ಎದೆಯ ಮೇಲೆ ಕೈ ಇಡದವಳು ಒಬ್ಬಳಿದ್ದಳು. ತಂಡದಲ್ಲಿದ್ದ ಹೆವಾನ್ ಎಂಬ ಹುಡುಗಿ, ಅಮೆರಿಕದಲ್ಲಿ ಬೆಳೆದವಳು. ವಾಪಸು ಇಳಿಯುವಾಗ ಅವನ ಪಕ್ಕಕ್ಕೆ ಬಂದು ತೊದಲು ಅಮ್ಹಾರಿಕ್‌ನಲ್ಲಿ, "ಅವ್ರು ಹಾಗೆ ಹೇಳ್ಲಿಲ್ಲ ಅಲ್ವಾ, ಅಣ್ಣಾ?" ಎಂದಳು.

"ನಿನಗೆ ನಮ್ಮ ಮಾತು ಬರುತ್ತಾ?"

"ನಮ್ಮಪ್ಪ ಅಮ್ಮ ಇಲ್ಲೇ ಗೊಂದಾರ್ ಊರಿನವರು."

ಅವನು ದಾಪುಗಾಲು ಹಾಕಿ ಮುಂದೆ ನಡೆದ. ಊಟಕ್ಕೆ ಕೂರುವ ಹೊತ್ತಿಗೆ ಅವಳು ಅಕ್ಕ ಹೇಳಿದ್ದನ್ನು ಉಳಿದವರಿಗೆಲ್ಲ ಹೇಳಿಬಿಟ್ಟಿದ್ದಳು. ಮರುದಿನದಿಂದ ಯಾರೂ ಅವನನ್ನು ಏನೂ ಕೇಳಲಿಲ್ಲ. ಮಾತಾಡಿಸುವಾಗ ದನಿ ತಗ್ಗಿಸುತ್ತಿದ್ದರು, ಅಷ್ಟೇ.

ಇನ್ನು ಕೆಲಸ ಹೋಯಿತು ಎಂದುಕೊಂಡಿದ್ದ. ತಿಂಗಳಾದ ಮೇಲೆ ವೈನ್‌ಶೆತ್ ಫೋನು ಬಂತು. "ಹನ್ನೆರಡು ಜನಾನೂ ಒಂಬತ್ತನೇ ದಿನದ ಬಗ್ಗೇನೇ ಬರೆದಿದ್ದಾರೆ, ನಿಮ್ಮಕ್ಕ ಹೇಳಿದ್ದು, ನೀನು ಮುಚ್ಚಿಟ್ಟಿದ್ದು ಎಲ್ಲಾ. ಒಂದು ಇಗರ್ಜಿ ಹೆಸರೂ ಯಾರಿಗೂ ನೆನಪಿಲ್ಲ. ಇನ್ಮುಂದೆ ಎಲ್ಲಾ ತಂಡಕ್ಕೂ ಆ ಮನೆ ಹಾಕ್ಬಿಡು. ಆದ್ರೆ ಈ ಸಲ ನಿಜವಾದ ಕತೆ ಹೇಳು."

"ಅದು ನಮ್ಮ ಮನೆ ವಿಷಯ."

"ಅದಕ್ಕೇ ಬೇಕು ಅಸ್ರೆಸ್. ನಿನಗೆ ಕಷ್ಟ ಆದ್ರೆ ಬೇರೆಯವರನ್ನ ಕಳಿಸ್ತೀನಿ. ದಾರಿ ಹೇಗೂ ನೀನೇ ಬರೆದು ಕೊಟ್ಟಿದ್ದೀಯಲ್ಲ."

ಅಕ್ಕ ಬೇಡ ಎನ್ನುತ್ತಾಳೆ ಎಂಬ ಧೈರ್ಯದಲ್ಲಿ ಅವನು ವೈರಾ ಅಂಬಾಕ್ಕೆ ಹತ್ತಿದ. ಅವಳು ಎಲ್ಲ ಕೇಳಿಸಿಕೊಂಡು, "ಬರ್ಲಿ," ಎಂದಳು. "ಬೇರೆಯವರು ಮಾತ್ರ ಬೇಡ, ನೀನೇ ಬರ್ಬೇಕು. ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ಬೇಕು."

"ಎಷ್ಟು ಸಲ ಅಂತ ಹೇಳ್ಲಿ ಅಕ್ಕ?"

"ಅವ್ವ ಎಷ್ಟು ಸಲ ನಿನ್ನ ಹೆಸರು ಕೂಗಿದ್ಲು ಅಂತ ನಾನು ಎಣಿಸ್ಲಿಲ್ಲ."

ಮುಂದಿನ ತಂಡದ ಎದುರು ಮೊದಲ ಸಲ, 'ಆ ಮಗ ನಾನೇ' ಎನ್ನುವಲ್ಲಿ ಅವನು ತಡೆದು ನಿಂತು ಮತ್ತೆ ಶುರುಮಾಡಿದ. ತಂಡದ ಮುದುಕಿಯೊಬ್ಬಳು ಎದ್ದು ಬಂದು ಅವನನ್ನು ತಬ್ಬಿಕೊಂಡಳು. ಮುಖಕ್ಕೆ ಉಗಿದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಎರಡನೆಯ ಸಲ ತಡೆಯದೆ ಹೇಳಿದ. ಐದನೆಯ ತಂಡದ ಹೊತ್ತಿಗೆ ಎಲ್ಲಿ ತಡೆದು ನಿಂತರೆ ಜನ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದು ಅವನಿಗೆ ತಿಳಿದುಹೋಗಿತ್ತು. ಹಾಗೆ ತಿಳಿದದ್ದಕ್ಕೆ ದಾರಿಯುದ್ದಕ್ಕೂ ತನ್ನ ಮೇಲೆ ತಾನೇ ಹೇಸಿಕೊಂಡ. ಆದರೂ ಆರನೆಯ ತಂಡದ ಮುಂದೆ ಅಲ್ಲೇ ತಡೆದು ನಿಂತ.

ಗೆನ್ನಾ ಹಬ್ಬದ, ಅಂದರೆ ಅವರ ಕ್ರಿಸ್‌ಮಸ್ಸಿನ, ದಿನಗಳಲ್ಲಿ ವಾರಕ್ಕೆ ಎರಡು ತಂಡ ಬರತೊಡಗಿದವು. ಒಂದು ಮಧ್ಯಾಹ್ನ ಯೆಶಿಮೆಬೆತ್ ಅವ್ವನ ಕತೆಯನ್ನು ಬೇಗ ಮುಗಿಸಿಬಿಟ್ಟಳು. ಅವನ ಇಂಗ್ಲಿಷು ಅವಳ ಮಾತಿಗಿಂತ ಉದ್ದವಾಯಿತು. ಎಲ್ಲರೂ ಹೊರಗೆ ಫೋಟೋಕ್ಕೆ ನಿಂತಾಗ ಅವಳು ಕೇಳಿದಳು.

"ಏನೋ ಅದು, ನೀನು ಸೇರಿಸಿದ್ದು?"

"ಗಾಳಿ. ನೀನು ಗಾಳಿ ವಿಷಯ ಮರೆತಿದ್ದೆ."

"ಮರೆತಿರ್ಲಿಲ್ಲ. ಇವತ್ತು ಹೇಳೋಕೆ ಮನಸ್ಸಾಗ್ಲಿಲ್ಲ." ಬಟ್ಟಲುಗಳನ್ನು ಒಂದೊಂದಾಗಿ ತೊಳೆದಿಟ್ಟಳು. "ಇನ್ಮೇಲೆ ನೀನೇ ಹೇಳ್ಕೋ. ನಿನಗೆ ಚೆನ್ನಾಗಿ ಬಾಯಿಪಾಠ ಆಗಿದೆ."

ಅಂದಿನಿಂದ ಅವಳು ಒಲೆಯ ಕಡೆ ಮುಖ ಮಾಡಿ ಬೀಜ ಹುರಿಯುತ್ತಾಳೆ. ಅವಳ ಬೆನ್ನ ಹಿಂದೆ ಅಸ್ರೆಸ್ ತನ್ನ ತಪ್ಪನ್ನು ಗುರುತು ಪರಿಚಯ ಇಲ್ಲದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಾನೆ. ತಮ್ಮಿಬ್ಬರ ಭಾಷೆಯಲ್ಲಿ ಅದನ್ನು ಅಕ್ಕನಿಗೆ ಅವನು ಇದುವರೆಗೆ ಹೇಳಿಲ್ಲ. ಅವಳೂ ಕೇಳಿಲ್ಲ.