ಹನ್ನೊಂದು ಗಂಟೆಯ ನಂತರದ ಹೊಗೆ

ಅದಕ್ಕೇ ನಾನು ಹೇಳಿದ್ದು, ಗಾಳಿ ನೋಡಲಿಕ್ಕೆ ಮೊಬೈಲೇ ಬೇಕೆಂದೇನಿಲ್ಲ. ಉಡುಪಿ ಹತ್ತಿರದ ಮಟ್ಟುವಿನ ಕುಶಲಕ್ಕನ ಗದ್ದೆಬದಿಯಲ್ಲಿ ಒಂದು ಕೋಲು ಉಂಟು. ಅದರ ತುದಿಗೆ ಹಳೆಯ ಲುಂಗಿಯ ಒಂದು ಚೂರು. ಬೆಳಿಗ್ಗೆ ಅದು ಕಡಲಿನ ಕಡೆಗೆ ಜೋತುಬಿದ್ದಿರುತ್ತದೆ, ಹನ್ನೊಂದರ ಹೊತ್ತಿಗೆ ತಿರುಗಿ ಹೊಳೆಯ ಕಡೆಗೆ ಹಾರುತ್ತದೆ. ಅಷ್ಟೇ ವಿಜ್ಞಾನ. ಆದರೆ ಆ ಚೂರು ಅಲ್ಲಿಗೆ ಬಂದ ವಾರ ಮನೆಯೊಳಗೆ ಒಂದು ಬ್ಯಾಗು ಕಟ್ಟಿ ಇಟ್ಟಾಗಿತ್ತು.

ಕುಶಲಕ್ಕನಿಗೆ ಅರವತ್ತೊಂದು. ನಲವತ್ತು ವರ್ಷದಿಂದ ಗುಳ್ಳ ಬದನೆ ಬೆಳೆಯುವುದೇ ಕೆಲಸ. ಮಗ ಜಿತೇಶ್ ದುಬೈಯಲ್ಲಿ. ಮನೆಯಲ್ಲಿ ಸೊಸೆ ಪ್ರಣೀತಾ, ಏಳು ವರ್ಷದ ಮೊಮ್ಮಗಳು ಆಶ್ರಿತಾ. ಈ ಹುಡುಗಿಗೆ ಮಳೆಗಾಲದಲ್ಲಿ ಏನೂ ಇಲ್ಲ. ಮಳೆ ನಿಂತು ಹೊಳೆಯ ಮೇಲೆ ಮಂಜು ಕೂರತೊಡಗಿದರೆ ಎದೆಯಲ್ಲಿ ಸಿಳ್ಳೆ. ಕಳೆದ ಡಿಸೆಂಬರಿನಲ್ಲಂತೂ ಮೂರು ಸಲ ಮಣಿಪಾಲದ ಆಸ್ಪತ್ರೆಗೆ ಓಡಿದ್ದಾಯಿತು. ಕೊನೆಗೆ ಪ್ರಣೀತಾ, ಕ್ರಿಸ್ಮಸ್ ರಜೆಗೆ ಮೊದಲು ಗುಣವಾಗದಿದ್ದರೆ ಮಗಳನ್ನು ಕಾರ್ಕಳದ ತಾಯಿಮನೆಗೆ ಕರೆದುಕೊಂಡು ಹೋಗಿ ಅಲ್ಲೇ ಶಾಲೆಗೆ ಹಾಕುವುದೆಂದು ನಿಶ್ಚಯಿಸಿದಳು. ಕುಶಲಕ್ಕ ಬೇಡ ಅನ್ನಲಿಲ್ಲ. ಮಗುವಿಗೆ ಉಸಿರು ಬೇಕಲ್ಲ.

ಮೂರನೆಯ ಸಲ ಹೋದಾಗ ಡಾಕ್ಟರು ಕೇಳಿದರು, “ಮನೆ ಹತ್ತಿರ ಹೊಗೆ ಏನಾದರೂ ಉಂಟಾ ಅಜ್ಜಿ?”

“ಎಂತದೂ ಇಲ್ಲ. ಒಲೆಯೂ ಇಲ್ಲ, ಗ್ಯಾಸು.”

“ಮತ್ತೆ ನಿಮ್ಮ ಸೀರೆಯಿಂದ ಹೊಗೆ ವಾಸನೆ ಬರ್ತದಲ್ಲ?”

“ಓ, ಅದು ಸುಡುಮಣ್ಣಿನದ್ದು.”

ಡಾಕ್ಟರಿಗೆ ಆ ಪದ ಗೊತ್ತಿರಲಿಲ್ಲ. ಕುಶಲಕ್ಕ ವಿವರಿಸಿದರು: ತರಗೆಲೆ, ಒಣ ಸೋಗೆ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುವುದು. ಎರಡು ಮೂರು ದಿನ ಒಳಗೊಳಗೇ ಬೇಯುತ್ತದೆ. ಆ ಮಣ್ಣು ಗುಳ್ಳದ ಬುಡಕ್ಕೆ. “ಬೆಳಿಗ್ಗೆ ಇಬ್ಬನಿ ಇರುವಾಗಲೇ ಕೊಡಬೇಕು ಡಾಕ್ಟ್ರೇ, ಬೆಂಕಿ ಹಾರುವುದಿಲ್ಲ...” ಹೇಳುತ್ತಾ ಹೇಳುತ್ತಾ ಅವರ ಧ್ವನಿ ಸಣ್ಣದಾಯಿತು. ನಲವತ್ತು ವರ್ಷ ಅದನ್ನು ಹೊಗೆ ಎಂದು ಅವರು ಎಣಿಸಿಯೇ ಇರಲಿಲ್ಲ. ಅದು ಗೊಬ್ಬರ.

ಮರುದಿನ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಿಂತು ನೋಡಿದರು. ಹೊಗೆ ಮೇಲೆ ಹೋಗುವುದೇ ಇಲ್ಲ. ಮಂಜಿನ ಅಡಿಯಲ್ಲಿ, ತೆಂಗಿನಮರದ ಅರ್ಧ ಎತ್ತರದಲ್ಲಿ ಚಾದರ ಹಾಸಿದ ಹಾಗೆ ಮಲಗಿ, ಮೆಲ್ಲ ಕಿಟಕಿಯೊಳಗೆ ಜಾರುತ್ತಿತ್ತು. ಹನ್ನೊಂದಕ್ಕೆ ಕಡಲಗಾಳಿ ಎದ್ದದ್ದೇ ಎಲ್ಲ ಖಾಲಿ. ಲುಂಗಿ ಹರಿದು ಕೋಲಿಗೆ ಕಟ್ಟಿದ್ದು ಆವತ್ತೇ.

ಹೊಸ ರಾಶಿಗೆ ಮಧ್ಯಾಹ್ನ ಬೆಂಕಿ ಕೊಟ್ಟರು. ಬೆಳಿಗ್ಗೆ ನೋಡಿದರೆ ಅದು ಇನ್ನೂ ಬೇಯುತ್ತಿತ್ತು, ಮತ್ತೆ ಅದೇ ಚಾದರ, ಅದೇ ಸಿಳ್ಳೆ. ಪ್ರಣೀತಾ ಬ್ಯಾಗು ಕಟ್ಟಿದ್ದು ಆಗ.

“ಹೊತ್ತು ಬದಲಿಸಿದರೆ ಸಾಕಾಗುವುದಿಲ್ಲ ಅತ್ತೆ. ಅದು ರಾತ್ರಿಯೂ ಮಲಗುವುದಿಲ್ಲ.”

“ಹಾಗಾದರೆ ಸಂಜೆಗೇ ಮಲಗಿಸುವ,” ಅಂದರು ಕುಶಲಕ್ಕ.

ದೊಡ್ಡ ರಾಶಿ ಬಿಟ್ಟು ಮೊಣಕಾಲೆತ್ತರದ ಸಣ್ಣ ಸಣ್ಣ ರಾಶಿ ಮಾಡಿದರು. ಲುಂಗಿ ತಿರುಗಿದ ಮೇಲೆ ಬೆಂಕಿ, ಪಕ್ಕದಲ್ಲಿ ಕೊಡಪಾನದಲ್ಲಿ ನೀರು, ಸಂಜೆಗೆ ಪೂರ್ತಿ ಆರಿಸುವುದು. ಕೆಲಸ ಮೂರು ಪಾಲು. ಆದರೂ ಬೆಳಿಗ್ಗೆ ಹೊಗೆ ಬಂತು. ಈ ಸಲ ಅದು ಹೊಳೆಯ ಬದಿಯ ಕರುಣಾಕರರ ಗದ್ದೆಯದ್ದು. ನೀವೂ ಹನ್ನೊಂದರ ಮೇಲೆ ಬೆಂಕಿ ಕೊಟ್ಟು ಸಂಜೆಗೆ ಆರಿಸಿ ಎಂದು ಕುಶಲಕ್ಕ ಹೋಗಿ ಹೇಳಿದರೆ ಅವರಿಗೆ ನಗೆ.

“ಎಂತ ಕುಶಲಕ್ಕ, ಇನ್ನು ಹೊಗೆಗೂ ಮುಹೂರ್ತವಾ?”

“ಹೌದು ಕರುಣಾಕರಣ್ಣ. ನಿಮ್ಮ ಮದುವೆ ಮುಹೂರ್ತಕ್ಕೇ ನೀವು ತಡವಾಗಿ ಬಂದವರು, ಇದಕ್ಕಾದರೂ ಸಮಯಕ್ಕೆ ಬನ್ನಿ.”

“ಅಜ್ಜನ ಕಾಲದಿಂದ ಬೆಳಿಗ್ಗೆಯೇ ಕೊಡುವುದು ಮಾರಾಯ್ರೆ. ಯಾರಿಗೆ ಎಂತ ಆಗಿದೆ?”

ಕುಶಲಕ್ಕ ವಾದಕ್ಕೆ ಹೋಗಲಿಲ್ಲ. “ನಾಳೆ ಆರು ಗಂಟೆಗೆ ನಮ್ಮಲ್ಲಿಗೆ ಚಾ ಕುಡಿಯಲಿಕ್ಕೆ ಬನ್ನಿ,” ಅಂದರು.

ಬಂದರು. ಅವರ ಹಿಂದೆಯೇ ಅವರ ಹೊಗೆಯೂ ಅಂಗಳಕ್ಕೆ ಬಂತು. ಒಳಗೆ ಆಶ್ರಿತಾ ಕೆಮ್ಮುವುದು, ಪ್ರಣೀತಾ ಅವಳ ಬೆನ್ನು ಉಜ್ಜುವುದು ಜಗಲಿಗೆ ಕೇಳುತ್ತಿತ್ತು. ಕರುಣಾಕರ ಅರ್ಧ ಚಾ ಕುಡಿದು ಲೋಟ ಹಿಡಿದುಕೊಂಡೇ ಕುಳಿತರು.

“ಇದು ನನ್ನದಾ?”

“ನಿಮ್ಮದೇ.”

ಲೋಟ ಅಲ್ಲೇ ಇಟ್ಟು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಗದ್ದೆಯಲ್ಲಿ ನೀರು ಹೊಯ್ದ ಚುಸ್ ಎಂಬ ಸದ್ದು ಕೇಳಿತು.

ರಜೆಯ ಮೊದಲ ದಿನ ಆಶ್ರಿತಾ ಎಂಟು ಗಂಟೆವರೆಗೆ ನಿದ್ದೆ ಮಾಡಿದಳು. ಪ್ರಣೀತಾ ಎರಡು ಸಲ ಹೋಗಿ ಮಗಳ ಎದೆಗೆ ಕಿವಿಯಿಟ್ಟು ಕೇಳಿದಳು. ಸಿಳ್ಳೆ ಇಲ್ಲ. ಆಮೇಲೆ ಬ್ಯಾಗು ಬಿಚ್ಚಿ ಬಟ್ಟೆ ಕಪಾಟಿಗೆ ಇಟ್ಟಳು. ಈ ವರ್ಷವೂ ಮಂಜು ಬಂದಿದೆ, ಔಷಧಿಯೂ ಉಂಟು, ಆದರೆ ಮಣಿಪಾಲಕ್ಕೆ ಓಡಿದ್ದಿಲ್ಲ. ಈಗ ಆ ಬ್ಯಾಗಿನಲ್ಲಿ ಕಾರ್ಕಳಕ್ಕೆ ಹೋಗುವುದು ಗುಳ್ಳ ಮಾತ್ರ.

ನೀವೊಮ್ಮೆ ಹೋಗಿ ಮಾರಾಯ್ರೆ. ಕಟಪಾಡಿಯಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಕುಶಲಕ್ಕನ ಮನೆ ಅಂದರೆ ಸಾಕು. ಭಾನುವಾರ ಹನ್ನೊಂದಕ್ಕೆ ಸ್ವಲ್ಪ ಮೊದಲೇ ಹೋದರೆ ಲುಂಗಿ ತಿರುಗಿತು ಅಂತ ಆಶ್ರಿತಾ ಗದ್ದೆಬದಿಯಿಂದ ಓಡಿಬರುವುದು ನೋಡಲಿಕ್ಕೆ ಸಿಗುತ್ತದೆ. ಕೂತು ಮಾತಾಡಿ. ಚಾ ಕೊಡುತ್ತಾರೆ, ಪೂರ್ತಿ ಕುಡಿದೇ ಏಳಿ.