ಮೋಟರ್ ಮನೆಯ ಕೆಂಪು ದೀಪ

ಜುಗೂಳದ ಕಬ್ಬಿನ ನಡುವಿನ ಆ ಎರಡು ಖೋಲಿಯ ಮನೆಗೆ ಸೊಸೆಯಾಗಿ ಬಂದ ದಿನ ನೀಲಮ ಮೊದಲು ನೋಡಿದ್ದು ಪತ್ರಾಸಿನ ಛಾವಣಿಯ ಮೇಲೆ ಹಾದುಹೋದ ತಂತಿಗಳನ್ನು. ಬೆಳಗಾವಿಯಲ್ಲಿ ಕಾಲೇಜು ಕಲಿತವಳು. ತಂತಿ ಇದ್ದಲ್ಲಿ ಕರೆಂಟು ಇರುತ್ತದೆಂದೇ ನಂಬಿದ್ದಳು. ಅತ್ತೆ ಸುಗಂಧಾ ನಕ್ಕಳು.

"ಅವು ನಮ್ಮವಲ್ಲ ಯವ್ವಾ, ಮಾಲಕರ ಮೋಟರಿನವು. ನಮ್ಮ ತಲಿಮ್ಯಾಲಿಂದ ದಾಟಿ ಹೋಗತಾವು, ಅಷ್ಟ."

ಮಾಲಕರೆಂದರೆ ಬಾಬಾಸಾಹೇಬ. ಕಬ್ಬು, ಬಾವಿ, ಮೋಟರು, ಈ ಮನೆ ನಿಂತ ನೆಲ ಎಲ್ಲ ಅವರದು. ಸುಗಂಧಾ ಮದುವೆಯಾಗಿ ಬಂದಾಗಿನಿಂದ ಅವರ ತೋಟದಲ್ಲೇ ಕೂಲಿ ದುಡಿದವಳು. ಆದರೆ ಅವಳ ಇನ್ನೊಂದು ಕೆಲಸಕ್ಕೆ ಹೆಸರೂ ಇರಲಿಲ್ಲ, ಪಗಾರವೂ ಇರಲಿಲ್ಲ. ನೀರೆತ್ತುವ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ, ಕೆಲವೇ ತಾಸು ಬರುತ್ತದೆ. ಬಂದೊಡನೆ ಮೋಟರ್ ಮನೆಯ ಹೊರಗೋಡೆಯಲ್ಲಿ ಕೆಂಪು ದೀಪ ಹೊತ್ತುತ್ತದೆ. ಅದು ಹೊತ್ತಿತೆಂದರೆ ಸುಗಂಧಾ ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಓಡಬೇಕು, ಸ್ಟಾರ್ಟರ್ ಒತ್ತಬೇಕು, ಸಾಲು ಕಡಿದು ನೀರು ತಿರುವಬೇಕು. ಮೈಯಲ್ಲಿ ಜ್ವರ ಇದ್ದಾಗಲೂ ಓಡಿದ್ದಾಳೆ. ಮಗ, ಅಂದರೆ ನೀಲಮಳ ಗಂಡ ಸಂಗ್ರಾಮ, ಹುಟ್ಟಿ ಇನ್ನೂ ಹಸಿ ಬಾಣಂತಿಯಾಗಿದ್ದಾಗಲೂ ಓಡಿದ್ದಾಳೆ. ತಾನಾಗಿ ಚಾಲೂ ಆಗುವ ಸ್ಟಾರ್ಟರ್ ಹಾಕಿಸಿರಿ ಎಂದು ಯಾರೋ ಹೇಳಿದರೆ ಬಾಬಾಸಾಹೇಬರು, "ಆಟೋ ಯಾತಕ್ಕಲೇ? ಸುಗಂಧಾ ಅದಾಳಲ್ಲ" ಅಂದರಂತೆ. ಇದನ್ನು ಸುಗಂಧಾ ಹೆಮ್ಮೆಯಿಂದ ಹೇಳುವಳು. ಕೇಳಿದಾಗಲೆಲ್ಲ ನೀಲಮಳಿಗೆ ಮೈ ಉರಿಯುತ್ತಿತ್ತು.

ಆ ಮನೆಗೆ ಸರ್ಕಾರ ಬಂದೇ ಇಲ್ಲವೆಂದಲ್ಲ. ಯಾವುದೋ ಯೋಜನೆಯ ಸೌರದೀಪದ ಬ್ಯಾಟರಿ ಸತ್ತು, ಅದರ ಮೇಲೆ ಕೋಳಿ ಕೂಡುತ್ತಿತ್ತು. ಉಜ್ವಲಾ ಸಿಲಿಂಡರ್ ಹಳೇ ಸೀರೆ ಹೊದ್ದು ಮೂಲೆಯಲ್ಲಿ ಖಾಲಿ ನಿಂತಿತ್ತು. ಒಲೆಗೆ ಕಬ್ಬಿನ ರವದಿಯೇ ಗತಿ. ಆ ಒಣಗರಿಯ ಹೊಗೆಯಲ್ಲೇ ನೀಲಮಳ ಮಗಳು ಕಾಜಲ ನಡೆಯಲು ಕಲಿತಳು, ಉಬ್ಬಸವನ್ನೂ ಹಚ್ಚಿಕೊಂಡಳು. ಎದೆ ಸುಂಯ್ ಎನ್ನುತ್ತ ಎಳೆ ಪಕ್ಕೆಲುಬು ಒಳಗೆಳೆದುಕೊಳ್ಳುವುದನ್ನು ನೋಡುತ್ತ ನೀಲಮ ರಾತ್ರಿಯೆಲ್ಲ ಎದ್ದು ಕೂಡುವಳು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಮತ್ತೆ ಮತ್ತೆ ನೋಡುವಳು. ಕಾಗವಾಡದ ಡಾಕ್ಟರು ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಸಣ್ಣ ಯಂತ್ರ ಬರೆದುಕೊಟ್ಟರು. ಯಂತ್ರವೇನೋ ಮನೆಗೆ ಬಂತು. ಹಚ್ಚಲು ಪ್ಲಗ್ ಎಲ್ಲಿದೆ?

ನೀಲಮ ಕರೆಂಟ್ ಆಫೀಸಿಗೆ ಹೋದಳು. ಮನೆಮನೆಗೆ ಪುಕ್ಕಟೆ ಕರೆಂಟು ಎಂಬ ಬಣ್ಣದ ಬೋರ್ಡು ಗೋಡೆಯ ಮೇಲೆಯೇ ಇತ್ತು.

"ಮೀಟರ್ ನಂಬರ್ ಹೇಳ್ರಿ," ಅಂದ ಗುಮಾಸ್ತ.

"ಮೀಟರ್ ಇಲ್ರಿ. ಅದಕ್ಕ ಬಂದೇನಿ."

"ಮೀಟರ್ ಇಲ್ದವರಿಗೆ ಯೋಜನಾ ಇಲ್ರಿ ಅಕ್ಕಾರ."

"ಹಂಗಾರ ಮೀಟರ್ ಕೊಡ್ರಿ."

"ಜಾಗಾ ಯಾರದೈತಿ, ಅವರ ಒಪ್ಪಿಗಿ ತರ್ರಿ. ಮನಿ ಊರ ಹೊರಗೈತಿ, ಕಂಬಾನೂ ಬೇಕಾಕ್ಕಾವು. ನೋಡೂಣು."

ಬಡವರೆಂದು ಸರ್ಕಾರದ ಕಣ್ಣಿಗೆ ಬೀಳುವುದಕ್ಕೂ ಮೊದಲು ಗೋಡೆಗೊಂದು ಮೀಟರು ಬೇಕು. ಮಾಲಕರ ಮೋಟರಿಗೆ ಕರೆಂಟು ಪುಕ್ಕಟೆ. ಕಬ್ಬು ಬಾಯಾರಿದರೆ ಕೇಳುವವರಿದ್ದಾರೆ. ಕಬ್ಬಿನೊಳಗೆ ಇರುವವರು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ.

ಒಪ್ಪಿಗೆಯ ಕಾಗದ ಹಿಡಿದು ಅತ್ತೆ ಸೊಸೆ ಹೋದಾಗ ಬಾಬಾಸಾಹೇಬರು ಸಿಟ್ಟಾಗಲಿಲ್ಲ, ಚಹಾ ಕೊಡಿಸಿದರು. "ನೋಡವಾ, ಮೀಟರಿನ ಮ್ಯಾಲ ನಿಮ್ಮ ಹೆಸರು ಬಂತಂದ್ರ ನಾಳೆ ಜಾಗಾನೂ ನಮ್ದಂತೀರಿ. ಮೋಟರ್ ಮನ್ಯಾಗ ಪ್ಲಗ್ ಐತಲ್ಲ, ಅಲ್ಲೇ ಹಚ್ಚಕೋರಿ. ನಾ ಏನ್ ಬ್ಯಾಡ ಅಂದೇನ?"

ಸುಗಂಧಾ ಕೈಮುಗಿದಳು. ದಾರಿಯಲ್ಲಿ ಸೊಸೆಗೆ, "ನೀ ಭಾಳ ಶಾಣ್ಯಾಕಿ. ಕೊಟ್ಟಿದ್ದ ತಗೊಳ್ಳಾಕ ಬರೂದಿಲ್ಲ" ಎಂದು ಚುಚ್ಚಿದಳು.

ಅಂದಿನಿಂದ ಮಗುವಿಗೆ ಔಷಧ ಮೋಟರ್ ಮನೆಯಲ್ಲಿ. ಎಣ್ಣೆಯ ಕಮಟು, ಕಿವಿಗಡಚಿಕ್ಕುವ ಸದ್ದು, ಬೆಚ್ಚಿ ಅಳುವ ಕಾಜಲ. ಅದೂ ಕಬ್ಬಿಗೆ ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ. ಮಗುವಿನ ಉಸಿರು ಕಬ್ಬಿನ ಪಾಳಿಯನ್ನು ಕಾಯಬೇಕು.

ಒಂದು ದಿನ ಕರೆಂಟ್ ಆಫೀಸಿನ ತಪಾಸಣೆಯವರ ಜೀಪು ಬಂತು, ಹಿಂದೆಯೇ ಬಾಬಾಸಾಹೇಬರೂ ಬಂದರು. ಕಾಜಲಳ ಮುಖದ ಮೇಲೆ ಮಾಸ್ಕ್ ಇತ್ತು, ಔಷಧ ಇನ್ನೂ ಅರ್ಧ ಉಳಿದಿತ್ತು. ಬಂದವರಲ್ಲೊಬ್ಬ ಪ್ಲಗ್ ಕಿತ್ತ.

"ಪಂಪಿನ ಲೈನ್ ಮ್ಯಾಲ ಮನಿ ಸಾಮಾನ ನಡಸೂದು ಗುನ್ಹೆ ಐತಿ. ಯಾರು ಹಚ್ಚಂದವ್ರು?"

ಎಲ್ಲರೂ ಬಾಬಾಸಾಹೇಬರ ಕಡೆ ನೋಡಿದರು. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ನನಗೇನೂ ಗೊತ್ತಿಲ್ರಿ ಸಾಹೇಬ್ರ. ಹೆಣ್ಣಮಕ್ಕಳು, ಕೇಳಲಾರದ ಹಚ್ಯಾರ."

ನೀಲಮ ಬಾಯಿ ತೆರೆದಳು. ಸುಗಂಧಾ ಅವಳ ರಟ್ಟೆ ಹಿಡಿದು, "ನಡಿ" ಎಂದಳು.

ಮರುದಿನವೂ ಹಗಲಿನ ಪಾಳಿಯೇ. ಕೆಂಪು ದೀಪ ಹೊತ್ತಿತು. ಕಾಜಲಳನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದ ಸುಗಂಧಾಳ ಕಾಲು ರೂಢಿಯಂತೆ ಮೇಲೆದ್ದಿತು. ಅವಳು ಅದನ್ನು ಮತ್ತೆ ನೆಲಕ್ಕೂರಿದಳು.

"ಅತ್ತಿ, ದೀಪ ಹತ್ತೇತಿ."

"ನೋಡೇನಿ."

ನೀಲಮಳಿಗೆ ಈಗ ಬೇರೆಯೇ ಭಯ. "ಮನಿ ಬಿಡಸಿದ್ರ? ಕೂಸಿನ್ನ ಕಟಗೊಂಡು ಎಲ್ಲಿಗೆ ಹೋಗೂಣು?"

"ಬಿಡಸ್ಲಿ. ಕತ್ತಲಾ ಎಲ್ಲೆ ಹ್ವಾದ್ರೂ ಸಿಗತೈತಿ."

ದೀಪ ಉರಿದು ಉರಿದು ಆರಿತು. ಮರುದಿನವೂ ಹಾಗೇ ಆಯಿತು. ಆ ಮರುದಿನ ದೀಪ ಉರಿಯುತ್ತಿದ್ದಾಗಲೇ ಬಾಬಾಸಾಹೇಬರು ಗಾಡಿ ತಗೊಂಡು ಬಂದರು. ಕಬ್ಬಿನ ಗರಿ ಸುರುಳಿ ಸುತ್ತತೊಡಗಿತ್ತು.

"ಏನಾತಬೇ ಸುಗಂಧಾ? ಕರೆಂಟ್ ಬಂದೈತಿ."

"ನಿಮಗ ಬಂದೈತ್ರಿ. ನಮಗಿನ್ನೂ ಬಂದಿಲ್ಲ."

"ಸೊಸಿ ಕಲಸಿದ ಮಾತೇನ? ನಾಳೆ ಬ್ಯಾರೆ ಆಳ ಹಚ್ಚತೇನಿ."

"ಹಚ್ಚ್ರಿ. ಅವನ ಮಕ್ಕಳಿಗೂ ಉಸರು ಬೇಕಾಕ್ಕೈತಿ."

ಬಾಬಾಸಾಹೇಬರು ಗಾಡಿಯ ಕಡೆ ತಿರುಗಿದರು. ಮೋಟರು ಸುಮ್ಮನಿದ್ದುದರಿಂದ ತೋಟವೆಲ್ಲ ನಿಶ್ಶಬ್ದವಾಗಿತ್ತು. ಅಜ್ಜಿಯ ಹೆಗಲ ಮೇಲೆ ಕಾಜಲ ಉಸಿರೆಳೆಯುವ ಸುಂಯ್ ಎಂಬ ಸದ್ದು ಅವರಿದ್ದಲ್ಲಿಗೂ ಕೇಳುತ್ತಿತ್ತು. ಅವರು ಬೇರೆ ಕಡೆ ನೋಡಿದರು. ಸದ್ದು ನಿಲ್ಲಲಿಲ್ಲ.

"ಎಲ್ಲೈತಿ ಆ ಒಪ್ಪಿಗಿ ಕಾಗದಾ?"

ನೀಲಮ ಒಳಗೋಡಿ ತಂದಳು. ಗಾಡಿಯ ಸೀಟಿನ ಮೇಲಿಟ್ಟು ಅವರು ಸಹಿ ಮಾಡಿದರು. "ಆತಲ್ಲ? ಏಳಿನ್ನ."

"ಕಂಬ ನಿಂದರ್ಲಿ," ಅಂದಳು ಸುಗಂಧಾ. "ನೀವಽ ಆಫೀಸಿಗೆ ಹೋಗಿ ಹೇಳ್ರಿ. ನಿಮ್ಮ ಮಾತಾದ್ರ ಲಗೂ ನಿಂದರತೈತಿ."

ಬಾಬಾಸಾಹೇಬರು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಕಾಗವಾಡದ ದಾರಿ ಹಿಡಿದರು. ನೀಲಮಳೂ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ದವಾಖಾನೆಯಲ್ಲಾದರೂ ಪ್ಲಗ್ ಇತ್ತು. ಹಿಂದೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಸುಗಂಧಾ ಅದಕ್ಕೆ ಬೆನ್ನು ತಿರುಗಿಸಿ ಕೂತು ರೊಟ್ಟಿ ತಟ್ಟುತ್ತಿದ್ದಳು.