ಬಿಸ್ಕತ್ ಡಬ್ಬದಲ್ಲಿದ್ದ ಬಾವಿಗಳು

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕೆಂಪು ರಬ್ಬರ್ ಟೋಪಿ ಇರುತ್ತಿತ್ತು. ಕಾಗದ ತಿರುವಲು ಬ್ಯಾಂಕಿನವರು ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಗುಳ್ಳೆಗಳಿರುವಂಥದ್ದು. ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ತೆಗೆದು ಡಬ್ಬಿಯ ಪಕ್ಕದಲ್ಲಿ ಬೋರಲು ಇಡುತ್ತಿದ್ದರು. ಮೊಸರನ್ನ ಮುಗಿಸಿ ಕೈತೊಳೆದು ಬಂದವರೇ ಮೊದಲು ಅದನ್ನು ಹಾಕಿಕೊಂಡು, ಆಮೇಲೆ ಕನ್ನಡಕ ಹುಡುಕುತ್ತಿದ್ದರು. ಲಾಕ್‌ಡೌನಿನಲ್ಲಿ ಕ್ಯಾಸಲ್‌ನಾಕ್‌ನ ತಮ್ಮ ಅಡುಗೆಮನೆಯಿಂದ ವಿಡಿಯೊ ಮೀಟಿಂಗಿಗೆ ಬಂದಾಗಲೂ ಬೆರಳಿಗೆ ಆ ಟೋಪಿ ಇತ್ತು. ಮುಂದೆ ಒಂದು ಹಾಳೆಯೂ ಇರಲಿಲ್ಲ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮೈಸೂರಿನವರು, ಭೂಗರ್ಭಶಾಸ್ತ್ರ ಓದಿದವರು. ಡಾಕ್ಟರ್ ಗಂಡನ ಜೊತೆ ಐರ್ಲೆಂಡಿಗೆ ಬಂದು, ಕೊನೆಗೆ ಸಿಟಿವೆಸ್ಟ್‌ನ ನಮ್ಮ ಆಫೀಸಿನ ಕಡತಕೋಣೆಯಲ್ಲಿ ತಳವೂರಿದ್ದರು. ಈ ದೇಶದ ಸುತ್ತಲಿನ ಸಮುದ್ರದಲ್ಲಿ ಎಣ್ಣೆಗೆಂದು, ಗ್ಯಾಸಿಗೆಂದು ಕೊರೆದ ಬಾವಿಗಳ ಕಾಗದಪತ್ರವೆಲ್ಲ ಆ ಕೋಣೆಯಲ್ಲಿತ್ತು. ಹಳೆಯ ಬಾವಿಗಳ ಕಡತ ಸಾರ್ವಜನಿಕರದು. ಯಾರು ಬೇಕಾದರೂ ಕೇಳಿ ನೋಡಬಹುದು. ಅದಷ್ಟನ್ನೂ ಆನ್‌ಲೈನಿಗೆ ಹಾಕಿ, ಜನ ಮನೆಯಲ್ಲೇ ಕೂತು ನೋಡುವಂತೆ ಒಂದು ಪೋರ್ಟಲ್ ಕಟ್ಟುವುದು ನನ್ನ ಕೆಲಸ. ನನ್ನ ವರ್ಕ್ ಪರ್ಮಿಟ್ ಆ ಪೋರ್ಟಲ್‌ಗೇ ಜೋತುಬಿದ್ದಿತ್ತು. ಅದು ಗೆದ್ದರೆ ಅಕ್ಕನ ಕೋಣೆಗೆ ಬೀಗ, ಸೋತರೆ ನನಗೆ ವಾಪಸ್ ವಿಮಾನ.

ಅಕ್ಕ ಯಾರಿಗೂ ಕಡತವನ್ನು ಸುಮ್ಮನೆ ಕೊಟ್ಟವರಲ್ಲ. ಪ್ರೊಫೆಸರ್ ಬರಲಿ, ಕಂಪನಿಯವರು ಬರಲಿ, ಮೊದಲ ಮಾತು "ಯಾಕೆ ಬೇಕು?" ಎಂದೇ. ಇದೇನು ಸಾರ್ವಜನಿಕ ದಾಖಲೆಯೋ ಇವರ ಮನೆಯ ತಿಜೋರಿಯೋ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಒಮ್ಮೆ ಒಬ್ಬ ಸಂಶೋಧಕ ಒಂದು ಬಾವಿಯ ನಂಬರ್ ಹಿಡಿದು ಬಂದ. ಅಕ್ಕ ಯಾಕೆ ಎಂದು ಕೇಳಿ, ಕಾಲು ಗಂಟೆ ಅವನ ಕಥೆ ಕೇಳಿಸಿಕೊಂಡು, ಅವನು ಕೇಳಿದ್ದನ್ನು ಬಿಟ್ಟು ಬೇರೆಯದೇ ಬಾವಿಯ ಕಡತ ತಂದು ಮುಂದಿಟ್ಟರು. ಮರುದಿನ ಆತ ಕೈಯಲ್ಲಿ ಕೇಕ್ ಹಿಡಿದು ಬಂದ. ಎರಡು ವರ್ಷ ಕೂತು ಕಡತ ಹುಡುಕುವ ಪ್ರೋಗ್ರಾಂ ಬರೆದ ನನಗೆ ಒಂದು ಬಿಸ್ಕತ್ತನ್ನೂ ಯಾರೂ ತಂದುಕೊಟ್ಟಿರಲಿಲ್ಲ. ಆ ಕೇಕಿನ ಒಂದು ತುಂಡನ್ನು ಅಕ್ಕ ನನ್ನ ಮೇಜಿನ ಮೇಲೆ ಇಟ್ಟು ಹೋದರು. ಒಂದು ಚೂರೂ ಬಿಡದೆ ತಿಂದೆ.

ಕೇಳಿದವರು ಯಾರು, ಕೇಳಿದ್ದೇನು, ಯಾಕೆ ಬೇಕಿತ್ತು: ಈ ಮೂರನ್ನೂ ಅವರು ಬಾವಿಗೊಂದರಂತೆ ರಟ್ಟಿನ ಚೀಟಿಗಳಲ್ಲಿ ಬರೆದು ಒಂದು ನೀಲಿ ಬಿಸ್ಕತ್ ಡಬ್ಬದಲ್ಲಿ ಇಡುತ್ತಿದ್ದರು. ಬರೆಯುತ್ತಿದ್ದದ್ದು ಕನ್ನಡದಲ್ಲಿ.

"ಇದ್ಯಾಕಕ್ಕ ಕನ್ನಡದಲ್ಲಿ? ಇಲ್ಲಿ ಯಾರು ಓದ್ತಾರೆ?" ಎಂದು ಕೇಳಿದ್ದೆ.

"ಅದಕ್ಕೇ ಕಣೋ. ಯಾಕೆ ಬೇಕು ಅನ್ನೋದನ್ನ ಜನ ನನ್ನ ನಂಬಿ ಹೇಳಿರ್ತಾರೆ. ಆಫೀಸಿಗೆಲ್ಲ ಯಾಕೆ ಗೊತ್ತಾಗ್ಬೇಕು?"

ಆಮೇಲೆ ಕೊರೋನ ಬಂತು, ಅಕ್ಕ ಡಬ್ಬ ಹಿಡಿದು ಮನೆ ಸೇರಿದರು, ಕಡತಕೋಣೆಗೆ ಬೀಗ ಬಿತ್ತು. ನಾನು ಖುಷಿಪಟ್ಟೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಪಟ್ಟಿದ್ದು ನಿಜ. ಇನ್ನು ಜನ ನನ್ನ ಹತ್ತಿರ ಬರದೆ ಎಲ್ಲಿಗೆ ಹೋಗುತ್ತಾರೆ? ಅರ್ಧ ಬೆಂದಿದ್ದ ಪೋರ್ಟಲನ್ನು ಅವಸರದಲ್ಲಿ ತೆರೆದೆವು. ಮೊದಲ ವಾರವೇ ಮಾನ ಹೋಯಿತು. ಬಾವಿಯ ನಂಬರ್ ಹಾಕಿದರೆ 'ಕಡತ ಲಭ್ಯವಿಲ್ಲ' ಎಂದು ಬರುತ್ತಿತ್ತು. ಕಡತ ಇದ್ದೇ ಇರುತ್ತಿತ್ತು. ನೆಲದಾಳದ ಅಳತೆಯ ಹಾಳೆಗಳು ಹತ್ತಾರು ಅಡಿ ಉದ್ದದ ಮಡಿಕೆ ಕಾಗದಗಳು. ಅವನ್ನು ಹಾಗೇ ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿಬಿಟ್ಟಿದ್ದರು. ತೆರೆಯಲು ಹೋದರೆ ಜನರ ಕಂಪ್ಯೂಟರೇ ನಿಂತುಹೋಗುತ್ತಿತ್ತು. ದೂರುಗಳು ಪೋರ್ಟಲ್‌ನ ಇಮೇಲಿಗೆ ಬರುತ್ತಿದ್ದವು, ಅದನ್ನು ನೋಡಿಕೊಳ್ಳುವವನು ನಾನು. ಆದರೆ ಅರ್ಧಕ್ಕರ್ಧ ಪತ್ರಗಳು ಶುರುವಾಗುತ್ತಿದ್ದದ್ದು ಅಕ್ಕನ ಹೆಸರಿನಿಂದ. ನಮ್ಮ ಮ್ಯಾನೇಜರ್ ಪ್ರತಿ ಮೀಟಿಂಗಿನಲ್ಲೂ ನಗುತ್ತಾ, ಗೊತ್ತಾಗದಿದ್ದರೆ ಅವರನ್ನೇ ಕೇಳು ಎನ್ನುತ್ತಿದ್ದ. ಪರದೆಯ ಮೂಲೆಯಲ್ಲಿ ಅಕ್ಕ ಟೋಪಿಯ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು.

ಇಂಥದ್ದರಲ್ಲಿ ಕಾರ್ಕ್ ಕಡೆಯ ಒಂದು ಸಣ್ಣ ಬಂದರಿನಿಂದ ಮೀನುಗಾರನೊಬ್ಬನ ಪತ್ರ ಬಂತು. ಸಮುದ್ರದಲ್ಲಿ ಹಿಂದೆ ಕೊರೆದು ಮುಚ್ಚಿದ್ದ ಒಂದು ಬಾವಿ ನಿಖರವಾಗಿ ಎಲ್ಲಿದೆ, ಪೋರ್ಟಲ್ ತೋರಿಸುತ್ತಿಲ್ಲ, ದಯವಿಟ್ಟು ಹೇಳಿ ಎಂದು. ಆ ಪತ್ರವೂ ಅಕ್ಕನಿಗೇ. ಎರಡು ವರ್ಷದ ಹಿಂದೆ ಇದೇ ವಿಚಾರಕ್ಕೆ ತಮ್ಮನ್ನು ಭೇಟಿಯಾಗಿದ್ದೆ, ಟೀ ಕೊಟ್ಟಿದ್ದಿರಿ, ಬರೆದುಕೊಟ್ಟ ಕಾಗದ ಕಳೆದುಹೋಯಿತು ಎಂದೆಲ್ಲ ಬರೆದಿದ್ದ. ಅದನ್ನು ಅಕ್ಕನಿಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಇದೊಂದಕ್ಕಾದರೂ ನಾನೇ ಉತ್ತರ ಕೊಡುತ್ತೇನೆ, ಇವರ ಟೀಯ ಹಂಗಿಲ್ಲದೆ ಜಗತ್ತು ನಡೆಯುತ್ತದೆ ಎಂದು ತೋರಿಸುತ್ತೇನೆ ಎಂದುಕೊಂಡೆ. ಸರ್ವರ್‌ನಲ್ಲಿ ತಡಕಿ ಆ ಕಡತದ ಮೊದಲ ಪುಟ ಹೊರತೆಗೆದೆ. ಅಲ್ಲಿದ್ದ ಅಕ್ಷಾಂಶ, ರೇಖಾಂಶವನ್ನು ಟೈಪ್ ಮಾಡಿ, ನನ್ನ ಹೆಸರು ಹಾಕಿ ಕಳಿಸಿದೆ.

ಮರುದಿನ ಬೆಳಿಗ್ಗೆ ಆತನ ಧನ್ಯವಾದ ಬಂತು. ಇನ್ನರ್ಧ ಗಂಟೆಗೆ ದೋಣಿ ಹೊರಡಿಸುತ್ತೇನೆ ಎಂದು ಬರೆದಿದ್ದ. ಅಭ್ಯಾಸಬಲವೋ ಏನೋ, ಅದರ ಒಂದು ಪ್ರತಿಯನ್ನು ಅಕ್ಕನಿಗೂ ಕಳಿಸಿದ್ದ. ಹತ್ತು ನಿಮಿಷಕ್ಕೆ ನನ್ನ ಫೋನ್ ಹೊಡೆದುಕೊಂಡಿತು.

"ಆ ಬಾವಿ ಜಾಗ ನೀನು ಕೊಟ್ಯೇನೋ?"

"ಹೌದಕ್ಕ. ಕಡತದಲ್ಲಿದ್ದಿದ್ದೇ ಕೊಟ್ಟೆ."

"ಯಾಕೆ ಬೇಕು ಅಂತ ಕೇಳಿದ್ಯಾ?"

"ಅವ್ರು ಕೇಳಿದ್ದು ಜಾಗ. ಜಾಗ ಕೊಟ್ಟೆ. ಯಾಕೆ ಅಂತ ಕೇಳಕ್ಕೆ ನಾನ್ಯಾರು ಅಕ್ಕ?"

ಆ ಕಡೆ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಮೀನಿನವನು ಬಾವಿ ಜಾಗ ಕೇಳೋದು ಬಲೆ ಎಳೆಯುವಾಗ ಅದನ್ನ ತಪ್ಪಿಸಕ್ಕೆ ಕಣೋ. ಆ ಪುಟದಲ್ಲಿರೋದು ಹಳೇ ಸರ್ವೇ ಲೆಕ್ಕದ ಅಂಕಿ. ಈಗಿನ ಜಿಪಿಎಸ್ಸಿಗೆ ಹಾಗೇ ಹಾಕಿದ್ರೆ ನೂರು ಮೀಟರ್ ಆಚೆ ತೋರ್ಸತ್ತೆ. ನಕ್ಷೆ ಬರೆಯೋ ಪ್ರೊಫೆಸರ್‌ಗೆ ನೂರು ಮೀಟರ್ ಏನೂ ಅಲ್ಲ. ಇವ್ನಿಗೆ ಹಂಗಲ್ಲ. ಆ ಬಾವಿದು ಕಬ್ಬಿಣದ ತಲೆ ಇನ್ನೂ ತಳದಲ್ಲಿ ಎದ್ದು ನಿಂತಿದೆ. ಬಲೆ ಸಿಕ್ಕಿದ್ರೆ ದೋಣಿನೇ ಮಗುಚತ್ತೆ. ಪೆನ್ನು ತಗೋ, ಅವತ್ತು ಅವ್ನಿಗೆ ಕೊಟ್ಟ ಸರಿಯಾದ್ದು ಚೀಟಿ ಹಿಂದೆ ಬರ್ಕೊಂಡಿದ್ದೀನಿ, ಹೇಳ್ತೀನಿ."

ಬರೆದುಕೊಂಡೆ. "ನೀವೇ ಫೋನ್ ಮಾಡಿ ಅಕ್ಕ. ನಿಮ್ಮನ್ನಾದ್ರೆ ನಂಬ್ತಾರೆ," ಎಂದೆ.

"ಅದಕ್ಕೇ ನೀನು ಮಾಡು. ನಾನು ಇನ್ನೆಷ್ಟು ದಿನ ಇರ್ತೀನಿ? ಇನ್ಮೇಲೆ ನಿನ್ನ ನಂಬಲಿ."

ಮೂರನೆಯ ಸಲಕ್ಕೆ ಆತ ಫೋನ್ ಎತ್ತಿದ. ಎಂಜಿನ್ ಸದ್ದಿನ ನಡುವೆ ಕೂಗಿ ಕೂಗಿ ಅಂಕಿಗಳನ್ನು ಹೇಳಿದೆ, ಅವನಿಂದ ಎರಡು ಸಲ ತಿರುಗಿ ಹೇಳಿಸಿದೆ. ಬಂದರಿನ ಗೋಡೆ ದಾಟಿದ್ದನಷ್ಟೆ, ಬಲೆ ಇನ್ನೂ ದೋಣಿಯಲ್ಲೇ ಇತ್ತು. "ಗ್ರ್ಯಾಂಡ್, ಗ್ರ್ಯಾಂಡ್," ಎಂದು, ಅಂದರೆ ಇಲ್ಲಿಯವರ ಮಾತಿನಲ್ಲಿ ಸರಿ ಸರಿ ಎಂದು, ಫೋನ್ ಇಟ್ಟುಬಿಟ್ಟ. ನಾನು ಸ್ವೋರ್ಡ್ಸ್‌ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಅದೇ ಅಂಕಿಗಳನ್ನು ಅವನಿಗೆ ಇಮೇಲಿನಲ್ಲೂ ಕಳಿಸಿದೆ.

ಆ ಪುಣ್ಯಾತ್ಮ ಸುಮ್ಮನಿರಲಿಲ್ಲ. ತಪ್ಪು ಗೊತ್ತಾದ ತಕ್ಷಣ ತಾವಾಗಿಯೇ ಫೋನ್ ಮಾಡಿ ತನ್ನನ್ನೂ ದೋಣಿಯನ್ನೂ ಉಳಿಸಿದರು ಎಂದು ನಮ್ಮ ಮ್ಯಾನೇಜರ್‌ಗೆ ನನ್ನನ್ನು ಹೊಗಳಿ ಬರೆದ. ಅದನ್ನು ಮೀಟಿಂಗಿನಲ್ಲಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಕ್ಕ; ಕೆಂಪು ಟೋಪಿ ಪರದೆಯಲ್ಲಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಇದು ಅಕ್ಕ ಹೇಳಿದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ಪರ್ಮಿಟ್ ಮುಂದುವರಿಯಿತು. ಅಷ್ಟಾದ ಮೇಲೂ ಹೊಟ್ಟೆಯುರಿ ಹೋಯಿತೇ ಎಂದರೆ ಇಲ್ಲ. ಮೊದಲು ಅವರ ನೆನಪಿನ ಶಕ್ತಿಯ ಮೇಲಿತ್ತು, ಈಗ ಅವರ ದೊಡ್ಡ ಮನಸ್ಸಿನ ಮೇಲೆ. ಸಾಲುಗಟ್ಟಲೆ ಕೋಡ್ ಬರೆದು ಕಟ್ಟಲಾಗುವಂಥದ್ದಲ್ಲ ಅದು.

ಕೊರೋನ ಬಂದ ವರ್ಷದ ಚಳಿಗಾಲದಲ್ಲಿ ಅಕ್ಕ ಹೋದರು. ಕೊರೋನವಲ್ಲ, ಹೃದಯ. ಅಂತ್ಯಕ್ರಿಯೆಗೆ ಹತ್ತೇ ಜನಕ್ಕೆ ಅವಕಾಶ. ಉಳಿದವರ ಜೊತೆ ನಾನೂ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಆ ಹತ್ತು ಜನರಲ್ಲಿ ನಾನಿಲ್ಲವಲ್ಲ ಎಂದು ಅಲ್ಲಿ ನಿಂತಿದ್ದವರ ಮೇಲೂ ಹೊಟ್ಟೆ ಉರಿಯಿತು. ಪರದೆಯಲ್ಲಿ ಅವರ ಕೈ ಕಾಣಿಸುತ್ತದೇನೋ ಎಂದು ನೋಡಿದೆ, ಕಾಣಲಿಲ್ಲ.

ನಿರ್ಬಂಧ ಸಡಿಲವಾದ ಮೇಲೆ ಅವರ ಯಜಮಾನರು ಫೋನ್ ಮಾಡಿ ಫೀನಿಕ್ಸ್ ಪಾರ್ಕಿನ ಗೇಟಿನ ಹತ್ತಿರ ಕರೆಸಿಕೊಂಡರು. ಮಾಸ್ಕ್ ಹಾಕಿಕೊಂಡೇ ನೀಲಿ ಡಬ್ಬವನ್ನು ಬೆಂಚಿನ ಮೇಲಿಟ್ಟು ದೂರ ಸರಿದು ನಿಂತರು. "ಇದು ನಿಮಗೇ ಸೇರ್ಬೇಕಂತೆ. ಆಫೀಸಲ್ಲಿ ಓದಕ್ಕೆ ಬರೋದು ನಿಮ್ಮೊಬ್ರಿಗೇ ಅಂತಿದ್ಲು," ಎಂದರು.

ಈಗ ನಮ್ಮ ಪೋರ್ಟಲ್‌ನಲ್ಲಿ ಯಾವ ಕಡತ ಇಳಿಸಿಕೊಳ್ಳಬೇಕಾದರೂ ಮೊದಲು ಒಂದು ಚೌಕ ತೆರೆಯುತ್ತದೆ: ಯಾಕೆ ಬೇಕು? ಕೊಟ್ಟ ಕಾರಣ ನೋಡಿ ಸರಿಯಾದ ಅಂಕಿ ಹೋಗುತ್ತದೆ. ಅದನ್ನು ನನ್ನ ಐಡಿಯಾ ಎಂದೇ ಎಲ್ಲರೂ ತಿಳಿದಿದ್ದಾರೆ.

ಡಬ್ಬ ಮನೆಗೆ ತಂದ ದಿನ ನಾನು ಮೊದಲು ಹುಡುಕಿದ್ದು ಆ ಮೀನುಗಾರನ ಬಾವಿಯ ಚೀಟಿಯನ್ನು. ಹಳೆಯ ಭೇಟಿಯ ಕೆಳಗೆ, ಗುಂಡು ಅಕ್ಷರದಲ್ಲಿ ಇನ್ನೊಂದು ನಮೂದು ಇತ್ತು. ಕೇಳಬೇಕಾಗಿದ್ದವನು: ನಮ್ಮ ಸ್ವೋರ್ಡ್ಸ್ ಹುಡುಗ. ಕೇಳಿದ್ದು: ಏನೂ ಇಲ್ಲ. ಯಾಕೆ: ಸಂಕೋಚ.

ಸಂಕೋಚವಲ್ಲ ಅಕ್ಕ, ಹೊಟ್ಟೆಕಿಚ್ಚು. ತಿದ್ದೋಣವೆಂದು ಪೆನ್ನು ತೆಗೆದವನು ಹಾಗೇ ನಿಂತೆ. ಬಂದವರೆಲ್ಲರ 'ಯಾಕೆ'ಯನ್ನೂ ಕಾಲು ಗಂಟೆಯಲ್ಲಿ ಹೊರಗೆಳೆಯುತ್ತಿದ್ದವರಿಗೆ, ಎದುರು ಮೇಜಿನಲ್ಲಿ ವರ್ಷಗಟ್ಟಲೆ ಕೂತಿದ್ದವನದು ಗೊತ್ತಿರಲಿಲ್ಲವೇ? ಮುಂದೊಂದು ದಿನ ಇದನ್ನು ಓದಬಲ್ಲವನು ನಾನೊಬ್ಬನೇ ಎಂಬುದೂ ಅವರಿಗೆ ಗೊತ್ತಿತ್ತು. ಚೀಟಿಯನ್ನು ಇದ್ದ ಹಾಗೇ ಡಬ್ಬದೊಳಗೆ ಇಟ್ಟೆ.